ಬಚ್ಚಲುಮನೆಯ ಆರ್ಕಿಡ್‌ಗಳು

ಮನೆಯಿಂದ,
ಮಾರ್ಚ್ ೯, ಭಾನುವಾರ, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಚುಕ್ಕಿ,

ಹೇಗಿದ್ದೀಯಮ್ಮ? ಮಣಿಕಟ್ಟಿನ ಗಾಯ ವಾಸಿಯಾಯಿತೇ? ಹಬೆಯ ಕೊಳವೆಗೆ ಕೈ ತಗುಲಿ ಸುಟ್ಟಿತು ಎಂದು ಕಳೆದ ಪತ್ರದಲ್ಲಿ ನೀನು ಒಂದೇ ಸಾಲಿನಲ್ಲಿ ಬರೆದು ಮುಗಿಸಿಬಿಟ್ಟಿದ್ದೆ. ಹಡಗಿನ ಎಂಜಿನಿಯರಮ್ಮನಿಗೆ ಅದು ಒಂದು ಸಾಲಿನ ವಿಷಯವಿರಬಹುದು, ಇಲ್ಲಿ ನಮ್ಮಿಬ್ಬರಿಗೆ ಅದು ಒಂದು ವಾರದ ವಿಷಯವಾಯಿತು. ಮುಲಾಮು ಹಚ್ಚುವುದನ್ನು ನಡುವೆ ಬಿಡಬೇಡ. ಅಲೆ ಜೋರಾದಾಗ ಊಟ ಸೇರುವುದಿಲ್ಲ ಅಂದಿದ್ದೆಯಲ್ಲ, ಹಾಗಂತ ಬರೀ ಬಿಸ್ಕತ್ತಿನಲ್ಲಿ ದಿನ ದೂಡಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಪತ್ರಕ್ಕೆಂದು ಬರೆಯುವ ಮಾತಲ್ಲ, ನಿಜಕ್ಕೂ ಚೆನ್ನಾಗಿದ್ದೇವೆ. ಹೋದ ತಿಂಗಳು ಗಂಟಲಿನ ಡಾಕ್ಟರು ಅಮ್ಮನ ಕುತ್ತಿಗೆಯನ್ನೆಲ್ಲ ಒತ್ತಿ ನೋಡಿ, ಏನೂ ಇಲ್ಲ, ಇನ್ನು ಆರು ತಿಂಗಳು ನನ್ನ ಕಡೆ ತಲೆ ಹಾಕಬೇಡಿ ಅಂದರು. ನನ್ನ ಮಂಡಿ ಮೊದಲಿನಂತೆಯೇ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಬೈಂಡಿಂಗ್ ಅಂಗಡಿಗೆ ಈಗ ಅರ್ಧ ದಿನ ಮಾತ್ರ ಹೋಗುತ್ತೇನೆ. ಉಳಿದರ್ಧ ದಿನ ನಿನ್ನ ಅಮ್ಮನ ಕೈಕೆಳಗೆ ಕೆಲಸ.

ಇವತ್ತು ಬೆಳಿಗ್ಗೆ ನಮ್ಮ ಬಿಳಿ ಆರ್ಕಿಡ್ ಅರಳಿತು. ಈ ಪತ್ರ ಬರೆಯಲು ಕುಳಿತದ್ದೇ ಅದಕ್ಕೆ. ಮೊಗ್ಗು ನಿನ್ನೆ ಸಂಜೆಯೇ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅಮ್ಮ ಆರಕ್ಕೇ ಎದ್ದು ಬಾಲ್ಕನಿಯಲ್ಲಿ ಎರಡು ಕುರ್ಚಿ ಹಾಕಿ, ನನ್ನ ಹೊದಿಕೆ ಎಳೆದು ಎಬ್ಬಿಸಿದಳು. ಹೂ ಅರಳುವುದನ್ನು ಯಾರಾದರೂ ಕುರ್ಚಿ ಹಾಕಿಕೊಂಡು ನೋಡುತ್ತಾರಾ ಎಂದು ನಾನು ಗೊಣಗಿಕೊಂಡೇ ಹೋಗಿ ಕುಳಿತೆ. ಮೊದಲ ಅರ್ಧ ಗಂಟೆ ಏನೂ ಆಗಲಿಲ್ಲ, ಕಾಫಿ ತಣ್ಣಗಾಯಿತು. ಆಮೇಲೆ ಒಂದು ಎಸಳು ಆಕಳಿಸುವವರ ಹಾಗೆ ಮೆಲ್ಲಗೆ ಹಿಂದಕ್ಕೆ ವಾಲಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಎಂಟೂವರೆಯ ಹೊತ್ತಿಗೆ ನನ್ನ ಅಂಗೈಯಷ್ಟು ಅಗಲದ ಹೂವು ಪೂರ್ತಿ ಬಿಚ್ಚಿಕೊಂಡು ನಮ್ಮ ಕಡೆಗೇ ಮುಖ ಮಾಡಿ ನಿಂತಿತ್ತು. ಬಿಸಿಲು ಹಿಂದಿನಿಂದ ಬಿದ್ದಾಗ ಎಸಳಿನೊಳಗೆ ಎಳೆಗಳು ಕಂಡವು, ಒಳ್ಳೆಯ ದಪ್ಪ ಕಾಗದವನ್ನು ಬೆಳಕಿಗೆ ಹಿಡಿದಾಗ ಕಾಣುತ್ತವಲ್ಲ, ಹಾಗೆ. ನಡುವಿನ ತುಟಿಯಂಥ ಪುಟ್ಟ ಎಸಳಿನ ಮೇಲೆ ಹಳದಿ, ಅದರ ಮೇಲೆ ಕೆಂಪು ಚುಕ್ಕಿಗಳು. ಇಪ್ಪತ್ತಾರು ವರ್ಷ ಮುದ್ರಣಾಲಯದಲ್ಲಿ ದುಡಿದವನು ನಾನು. ನಾಲ್ಕು ಬಣ್ಣದ ಅಚ್ಚಿನಲ್ಲಿ ಒಂದು ಬಣ್ಣ ಕೂದಲಷ್ಟು ಸರಿದರೂ ಹಾಳೆಯನ್ನು ಬುಟ್ಟಿಗೆ ಎಸೆಯುತ್ತಿದ್ದೆವು. ಈ ಹೂವಿನಲ್ಲಿ ಒಂದು ಚುಕ್ಕಿಯೂ ಸರಿದಿರಲಿಲ್ಲ, ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ.

ಈ ಹೂವಿನ ಹಿಂದೆ ಒಂದು ಕಥೆಯಿದೆ. ಅದರಲ್ಲಿ ಒಂದಿಷ್ಟು ನಿನಗೆ ಗೊತ್ತು, ಬಹಳಷ್ಟು ಗೊತ್ತಿಲ್ಲ. ಪುಸ್ತಕ ಹೊಲಿಯುವವನಿಗೆ ಮೊದಲ ಹಾಳೆಯಿಂದ ಶುರುಮಾಡಿಯೇ ಅಭ್ಯಾಸ, ಆದ್ದರಿಂದ ಗೊತ್ತಿರುವುದನ್ನೂ ಇನ್ನೊಮ್ಮೆ ಓದಿಕೋ.

ಇಪ್ಪತ್ತೊಂಬತ್ತು ವರ್ಷ ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಗಾಡಿಗಳು ಬರುವುದನ್ನೂ ಹೋಗುವುದನ್ನೂ ಹೇಳಿದವಳು ನಿನ್ನ ಅಮ್ಮ. ಅವಳ ಮುಖ ನೋಡದವರಿಗೂ ಅವಳ ದನಿ ಗೊತ್ತಿತ್ತು. ಅಚ್ಚುಯಂತ್ರಗಳ ಗದ್ದಲದಲ್ಲಿ ಕಿವಿ ಅರ್ಧ ಕಳೆದುಕೊಂಡ ನನಗೆ ಸಹ ನಿಲ್ದಾಣದಲ್ಲಿ ಅವಳ ಮಾತು ಒಂದಕ್ಷರ ಬಿಡದೆ ಕೇಳಿಸುತ್ತಿತ್ತು. ಮನೆಯಲ್ಲಿ ಕೇಳಿಸುತ್ತಿರಲಿಲ್ಲ, ಅದು ಬೇರೆ ಮಾತು, ಅದು ಕಿವಿಯ ತಪ್ಪಲ್ಲ ಎಂದು ನಿನ್ನ ಅಮ್ಮ ಹೇಳುತ್ತಾಳೆ. ಅಂಥವಳ ಗಂಟಲಿಗೇ ಕಾಯಿಲೆ ಬಂತು. ಆಚೆ ವರ್ಷದ ನವೆಂಬರಿನಲ್ಲಿ ಧ್ವನಿಪೆಟ್ಟಿಗೆ ತೆಗೆದುಹಾಕಿದರು. ಅಂದಿನಿಂದ ಅವಳ ಉಸಿರಾಟ ಕುತ್ತಿಗೆಯಲ್ಲಿರುವ ರಂಧ್ರದಿಂದ, ಮಾತು ಬಿಳಿ ಹಲಗೆಯ ಮೇಲೆ ಮಾರ್ಕರಿನಿಂದ. ನಿಲ್ದಾಣದವರು ಆಸ್ಪತ್ರೆಗೆ ಬಂದಾಗ ನೀಲಿ ರಿಬ್ಬನ್ ಕಟ್ಟಿದ ಈ ಬಿಳಿ ಆರ್ಕಿಡ್ ತಂದಿದ್ದರು. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಜನವರಿಯಲ್ಲಿ ಹೂಗಳು ಒಂದೊಂದಾಗಿ ಉದುರಿ, ನಾಲ್ಕು ಜೋಲುಬಿದ್ದ ಎಲೆ, ಒಂದು ಉದ್ದನೆಯ ಕಡ್ಡಿ ಉಳಿಯಿತು. ಎಸೆಯೋಣವೆಂದು ಬಚ್ಚಲುಮನೆಯ ಕಿಟಕಿಯಲ್ಲಿಟ್ಟು ಮರೆತೆ.

ಅದೇ ಜನವರಿಯಲ್ಲಿ ನೀನು ರಜೆ ಹಾಕಿ ಬಂದೆ, ಆ ಯಂತ್ರ ತಂದೆ. ಕುತ್ತಿಗೆಗೆ ಒತ್ತಿ ಹಿಡಿದು ಗುಂಡಿ ಅದುಮಿದರೆ ಬಾಯಿಯ ಮಾತಿಗೆ ದನಿ ಬರುತ್ತದೆ ಎಂದು ತೋರಿಸಿಕೊಟ್ಟೆ. ಅವಳು ಒಂದೇ ಸಲ ಹಿಡಿದು ನೋಡಿ ಡಬ್ಬಿಗೆ ಹಾಕಿ, ಹಲಗೆಯ ಮೇಲೆ 'ಬೇಡ' ಎಂದು ಬರೆದಳು. ನೀನು ಇನ್ನೊಂದು ಸಲ, ಇನ್ನೊಂದೇ ಸಲ ಎಂದು ಬೆನ್ನು ಹತ್ತಿದೆ. ಅವಳು 'ನಿನಗೆ ನಾಚಿಕೆಯಾದರೆ ನನಗೆ ಫೋನ್ ಮಾಡಬೇಡ' ಎಂದು ಬರೆದಳು. ನೀನು ಎರಡು ದಿನ ಮೊದಲೇ ಹೊರಟುಬಿಟ್ಟೆ. ಬಾಗಿಲಲ್ಲಿ 'ನಾನು ಅಷ್ಟು ಒತ್ತಾಯ ಮಾಡಬಾರದಿತ್ತಪ್ಪಾ' ಅಂದೆ. ನಾನು ಸುಮ್ಮನಿದ್ದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀನು ಹೋದ ಮೇಲೆ ಅವಳು ಮನೆಯಿಂದ ಹೊರಗೆ ಕಾಲಿಡುವುದನ್ನು ನಿಲ್ಲಿಸಿದಳು. ಯಾರಾದರೂ ಬಂದರೆ ಒಳಕೋಣೆ ಸೇರುತ್ತಿದ್ದಳು. ಡಾಕ್ಟರು ಒಣಗಾಳಿ ಈ ಗಂಟಲಿಗೆ ಆಗುವುದಿಲ್ಲ, ದಿನಕ್ಕೆರಡು ಸಲ ಹಬೆಯಲ್ಲಿ ಕೂರಬೇಕು ಅಂದಿದ್ದರು. ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟುಕೊಂಡು, ಮರದ ಮಣೆಯ ಮೇಲೆ ಗೋಡೆ ನೋಡುತ್ತ ಅರ್ಧರ್ಧ ಗಂಟೆ ಕೂರುತ್ತಿದ್ದಳು. ಗೋಡೆಯಲ್ಲಿ ನೋಡುವುದಕ್ಕೆ ಏನಿದೆ, ಕೊನೆಗೆ ಕಣ್ಣು ಕಿಟಕಿಗೆ ಹೋಗಲೇಬೇಕು. ಮಾರ್ಚಿನಲ್ಲಿ ಒಂದು ದಿನ ಒಳಗಿನಿಂದ ಬಾಗಿಲು ಬಡಿದ ಸದ್ದು. ಬಿದ್ದಳೇನೋ ಎಂದುಕೊಂಡೆ. ಓಡಿ ಹೋಗಿ ನೋಡಿದರೆ, ನೆಟ್ಟಗೆ ನಿಂತು ಕುಂಡದ ಕಡೆ ಬೆರಳು ತೋರಿಸುತ್ತಿದ್ದಾಳೆ. ಎಲೆಗಳ ನಡುವೆ ಹೊಸ ಎಲೆಯ ತುದಿ, ಮಗುವಿನ ಕಿರುಬೆರಳಿನಷ್ಟು. ಕುಂಡದ ಅಂಚು ದಾಟಿ ಗಾಳಿಗೆ ಬಂದ ಒಂದು ಬೇರು, ಬೆಳ್ಳಿ ಬಣ್ಣದ್ದು, ತುದಿ ಮಾತ್ರ ಹಸಿರು. ಅವಳು ಬೊಗಸೆಯಲ್ಲಿ ನೀರು ಹಿಡಿದು ಅದರ ಮೇಲೆ ಬಿಟ್ಟಳು. ಬೆಳ್ಳಿ ಬಣ್ಣದ ಬೇರು ನಮ್ಮ ಕಣ್ಣೆದುರೇ ಹಸಿರಾಯಿತು. ಅವಳಿಗೆ ಬೇಕಾದ ಹಬೆಯೇ ಅದಕ್ಕೂ ಬೇಕಾಗಿತ್ತು ನೋಡು, ನಮಗೆ ಯಾರಿಗೂ ತಿಳಿಯದೆ ಎರಡು ತಿಂಗಳು ಇಬ್ಬರೂ ಒಂದೇ ಔಷಧಿ ತೆಗೆದುಕೊಳ್ಳುತ್ತಿದ್ದರು. ಆ ದಿನ ಅವಳು ಹಲಗೆಯ ಮೇಲೆ ಬರೆದದ್ದು, 'ಇದನ್ನು ಎಸೆಯಬೇಕು ಅಂದವರು ಯಾರು?' ನಾನು ಜಾಣನಂತೆ ಮಂಡಿ ತಿಕ್ಕಿಕೊಳ್ಳುತ್ತ ಹೊರಗೆ ಬಂದೆ.

ಅಲ್ಲಿಂದ ಹಿಡಿದ ಹುಚ್ಚು ಇದು. ಗ್ರಂಥಾಲಯದಿಂದ ನನ್ನ ಕೈಲಿ ಮೂರು ಪುಸ್ತಕ ತರಿಸಿದಳು. ಬೆಳಗಿನ ಬಿಸಿಲು ಬೇಕು, ಮಧ್ಯಾಹ್ನದ್ದು ಬೇಡ. ಮಣ್ಣು ಬೇಡವೇ ಬೇಡ, ಮರದ ತೊಗಟೆಯ ಚೂರು ಮತ್ತು ಇದ್ದಿಲು ಸಾಕು. ನೀರು ಹೆಚ್ಚಾದರೆ ಸಾಯುತ್ತದೆ, ಕಡಿಮೆಯಾದರೆ ಕಾಯುತ್ತದೆ. ಇದನ್ನೆಲ್ಲ ನಾನು ಪರೀಕ್ಷೆಗೆ ಓದಿದವನ ಹಾಗೆ ಹೇಳಬಲ್ಲೆ, ಏಕೆಂದರೆ ತಪ್ಪಿದರೆ ಹಲಗೆ ಮುಖದ ಮುಂದೆ ಬರುತ್ತಿತ್ತು. ಕೊಳೆತ ಬೇರು ಕತ್ತರಿಸಿದ ಜಾಗಕ್ಕೆ, ಮತ್ತೆ ಕೊಳೆಯದಿರಲೆಂದು, ದಾಲ್ಚಿನ್ನಿ ಪುಡಿ ಹಚ್ಚುವುದು ನನ್ನ ಕೆಲಸ, ಪುಡಿ ಅವಳ ಉಸಿರಿಗೆ ಹೋಗಬಾರದಲ್ಲ. ಹಳೆಯ ಉದ್ಯೋಗ ಅವಳನ್ನು ಬಿಟ್ಟಿಲ್ಲ. ಬಚ್ಚಲುಮನೆಯ ಕಿಟಕಿ ಒಂದನೇ ಪ್ಲಾಟ್‌ಫಾರಂ, ಅಡುಗೆಮನೆಯದು ಎರಡು, ಬಾಲ್ಕನಿ ಮೂರು. ಯಾವ ಗಿಡಕ್ಕೆ ಯಾವ ದಿನ ನೀರು, ಯಾವುದರ ಮೊಗ್ಗು ಎಂದು ನಿರೀಕ್ಷೆ, ಯಾವುದು ಎಷ್ಟು ತಡ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ.

ಒಂದೇ ಗಿಡವಿದ್ದದ್ದು ಹದಿಮೂರು ಹೇಗಾಯಿತು ಎಂದು ಕೇಳು. ಬಸ್ಸು ನಿಲ್ಲುವ ಮೂಲೆಯ ಹೂವಿನಂಗಡಿಯಾತ ಹೂ ಉದುರಿದ ಆರ್ಕಿಡ್‌ಗಳನ್ನು ಹಿಂದಿನ ಓಣಿಯ ಕಸದ ಡಬ್ಬಕ್ಕೆ ಹಾಕುವುದನ್ನು ನಾನು ನೋಡಿ ಬಂದು ಹೇಳಿದೆ. ಸುಮ್ಮನೆ ಮಾತಿಗೆ ಹೇಳಿದ್ದು. ಮರುದಿನ ನಾನು ಅಂಗಡಿಯಿಂದ ಬಂದರೆ ಮನೆಗೆ ಬೀಗ. ಮೂರು ತಿಂಗಳಿಂದ ಹೊರಗೆ ಹೋಗದವಳು ಕುತ್ತಿಗೆಗೆ ತೆಳು ಬಟ್ಟೆ ಸುತ್ತಿಕೊಂಡು, ಹಲಗೆ ಕಂಕುಳಲ್ಲಿ ಇಟ್ಟುಕೊಂಡು ಹೂವಿನಂಗಡಿಗೆ ಹೋಗಿದ್ದಳು. ನಾನು ಹುಡುಕಿಕೊಂಡು ಹೋದಾಗ ಆತ ಅವಳಿಗೆ ಕೇಳಿಸಲೆಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ, ಮಾತು ಬಾರದವರಿಗೆ ಕಿವಿಯೂ ಕೇಳಿಸದು ಎಂದು ಅವನ ಲೆಕ್ಕ. ಅವಳು ಶಾಂತವಾಗಿ ಹಲಗೆ ಎತ್ತಿ ತೋರಿಸಿದಳು: 'ನನಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಕೇಳಿಸದವರು ಅಗೋ ಬರುತ್ತಿದ್ದಾರೆ.' ಅಂಗಡಿಯಾತ ನನ್ನನ್ನು ನೋಡಿ ನಕ್ಕ ನಗು ಇನ್ನೂ ನಿಂತಿಲ್ಲ. ಅಂದಿನಿಂದ ಬಿಸಾಡುವ ಗಿಡಗಳನ್ನೆಲ್ಲ ಅವಳಿಗೆಂದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತೆಗೆದಿಡುತ್ತಾನೆ. ಹದಿನೇಳು ತಂದಳು, ಐದು ಸತ್ತವು. ಸತ್ತದ್ದಕ್ಕೆ ನೋಟ್‌ಬುಕ್ಕಿನಲ್ಲಿ 'ರದ್ದಾಗಿದೆ' ಎಂದು ಬರೆದು ಅಡ್ಡಗೆರೆ ಎಳೆಯುವಾಗ ಅವಳು ಯಾರ ಮುಖವನ್ನೂ ನೋಡುವುದಿಲ್ಲ.

ಆಗಸ್ಟಿನಲ್ಲಿ ಹಳದಿಯದು ಹೂ ಬಿಟ್ಟಿತು, ಅಕ್ಟೋಬರಿನಲ್ಲಿ ಕಂದು ಬಣ್ಣದ ಪುಟ್ಟ ಹೂಗಳದು, ಒಂದೇ ಕಡ್ಡಿಯಲ್ಲಿ ಎಪ್ಪತ್ತಕ್ಕೂ ಮೇಲೆ, ಕುಣಿಯುವ ಗೊಂಬೆಗಳ ಹಾಗೆ. ಆ ಕಂದು ಹೂವಿಗೆ ಪರಿಮಳವಿದೆ ಎಂದು ಪುಸ್ತಕದಲ್ಲಿ ಓದಿದ್ದಳು. ಮೂಗಿನಿಂದ ಉಸಿರು ಹೋಗದ ಮೇಲೆ ಅವಳಿಗೆ ವಾಸನೆ ತಿಳಿಯುವುದಿಲ್ಲ, ಅದನ್ನು ಆಸ್ಪತ್ರೆಯವರು ಮೊದಲೇ ಹೇಳಿದ್ದರು, ನಾನು ಮರೆತೇಬಿಟ್ಟಿದ್ದೆ. 'ಹೇಗಿದೆ?' ಎಂದು ಬರೆದಳು. 'ಚೆನ್ನಾಗಿದೆ' ಅಂದೆ. 'ಮೂವತ್ತೆರಡು ವರ್ಷ ನನ್ನ ಅಡುಗೆಗೂ ಇದನ್ನೇ ಹೇಳಿದ್ದೀರಿ. ಸರಿಯಾಗಿ ಹೇಳಿ' ಎಂದು ಬರೆದಳು. ಕಣ್ಣು ಮುಚ್ಚಿ ಮತ್ತೆ ಮೂಸಿದೆ. ನೀನು ಐದು ವರ್ಷದವಳಿದ್ದಾಗ ಚಾಕೊಲೇಟ್ ತಿಂದು, ಅದರ ಬಣ್ಣದ ಕಾಗದಗಳನ್ನು ದಿಂಬಿನ ಒಳಗೆ ಬಚ್ಚಿಡುತ್ತಿದ್ದೆ. ಒಂದು ದಿನ ದಿಂಬು ಬಿಚ್ಚಿದಾಗ ಒಳಗಿನಿಂದ ಬಂತಲ್ಲ, ಆ ವಾಸನೆ, ಎಂದು ಹೇಳಿದೆ. ಅವಳು ಬಹಳ ಹೊತ್ತು ಹೂವಿನ ಹತ್ತಿರ ಮುಖವಿಟ್ಟುಕೊಂಡು ಕೂತಿದ್ದಳು. ಆಮೇಲೆ ತಲೆಯಾಡಿಸಿದಳು. ಸಿಕ್ಕಿತು ಎಂಬಂತೆ.

ಆ ದಿನಗಳಲ್ಲೇ ಒಮ್ಮೆ ಮೇಲಿನ ಮನೆಯ ಔಷಧಿ ಅಂಗಡಿಯಾಕೆ ಮೆಟ್ಟಿಲಲ್ಲಿ ನನ್ನನ್ನು ತಡೆದು, ನಿಮ್ಮ ಗಡ್ಡ ಮಾಡುವ ಮಶೀನು ಕೆಟ್ಟಿದೆಯಾ, ದಿನಾ ಬೆಳಿಗ್ಗೆ ಬಚ್ಚಲಲ್ಲಿ ಅರ್ಧ ಗಂಟೆ ಗುಂಯ್ ಅನ್ನುತ್ತದೆ ಎಂದು ಕೇಳಿದಳು. ನನ್ನ ಹತ್ತಿರ ಅಂಥ ಮಶೀನೇ ಇಲ್ಲ, ಬ್ಲೇಡಿನಲ್ಲಿ ಗಡ್ಡ ಮಾಡುತ್ತೇನೆ. ಪಾಪ, ದಿನವಿಡೀ ಮಾತ್ರೆ ಎಣಿಸಿ ತಲೆ ಕೆಟ್ಟಿರಬೇಕು ಎಂದುಕೊಂಡು ಬಂದೆ.

ಈಗ ಡಿಸೆಂಬರಿನ ಕಥೆ. ನೀನು ಬಂದರಿನಿಂದ ಫೋನ್ ಮಾಡಿ, ಅಮ್ಮ ಎಂದಿನಂತೆ ಹೌದು ಅನ್ನುವುದಕ್ಕೆ ಒಂದು ಸಲ, ಇಲ್ಲ ಅನ್ನುವುದಕ್ಕೆ ಎರಡು ಸಲ ಚಮಚದಿಂದ ಫೋನಿಗೆ ಬಡಿದಳಲ್ಲ, ಅದಾಗಿ ಮೂರು ವಾರವಾಗಿತ್ತು. ನಿಲ್ದಾಣದ ಹಳೆಯ ಸಹೋದ್ಯೋಗಿಗಳು ಗಿಡ ನೋಡಲು ಭಾನುವಾರ ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ಅವರು ಕೊಟ್ಟ ಬಿಳಿ ಆರ್ಕಿಡ್ ಆಗ ಬಾಲ್ಕನಿಯಲ್ಲಿತ್ತು. ಎಲೆಗಳು ಆರಾಗಿದ್ದವು, ಬೇರುಗಳು ಕುಂಡದಾಚೆ ಜಟೆಯಂತೆ ಇಳಿಬಿದ್ದಿದ್ದವು. ಆದರೆ ಹಳೆಯ ಹೂವಿನ ಕಡ್ಡಿ ಮೇಲರ್ಧ ಒಣಗಿ ಕಂದಾಗಿ, ಕೆಳಗರ್ಧ ಮಾತ್ರ ಹಸಿರಾಗಿ, ವರ್ಷವಿಡೀ ಹಾಗೇ ನಿಂತಿತ್ತು. ಬೈಂಡಿಂಗಿನವನಿಗೆ ಅಂಚು ಹೊರಗೆ ಚಾಚಿಕೊಂಡಿರುವುದನ್ನು ಕಂಡರೆ ಕೈ ತುರಿಸುತ್ತದೆ. ಕತ್ತರಿ ಮುಟ್ಟಕೂಡದು ಎಂದು ನನಗೆ ಮೊದಲೇ ಹಲಗೆಯಲ್ಲಿ ತಾಕೀತಾಗಿತ್ತು. ಆದರೂ ಮನೆಗೆ ಜನ ಬರುತ್ತಾರೆ, ಸ್ವಲ್ಪ ಚೊಕ್ಕವಾಗಿ ಕಾಣಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ನನ್ನ ದೊಡ್ಡ ಕತ್ತರಿ ತೆಗೆದುಕೊಂಡು ಹೋದೆ. ಕನ್ನಡಕ ಮೇಜಿನ ಮೇಲಿತ್ತು. ಕಿವಿಯ ಮಶೀನು ಎಂದಿನಂತೆ ಡ್ರಾಯರಿನಲ್ಲಿತ್ತು.

ನಮ್ಮ ಮನೆ ಮೊಣಕೈ ಮಡಿಚಿದ ಹಾಗೆ ಬಾಗಿರುವುದು ನಿನಗೆ ಗೊತ್ತು. ಮಲಗುವ ಕೋಣೆಯ ಕಿಟಕಿಯಿಂದ ಬಾಲ್ಕನಿ ಎದುರಿಗೇ ಕಾಣುತ್ತದೆ, ಬರಬೇಕೆಂದರೆ ಮಾತ್ರ ನಡುಮನೆ, ಅಡುಗೆಮನೆ ಸುತ್ತಿಕೊಂಡು ಬರಬೇಕು. ಅವಳು ಅಲ್ಲಿ ಕನ್ನಡಿಯ ಮುಂದೆ ಕುತ್ತಿಗೆ ಶುಚಿ ಮಾಡಿಕೊಳ್ಳುತ್ತಿದ್ದಳು. ನಾನು ಕಡ್ಡಿಯ ಬುಡಕ್ಕೆ ಕತ್ತರಿ ಇಡುವುದನ್ನು ಕಂಡಳಂತೆ. ಚಪ್ಪಾಳೆ ತಟ್ಟಿದಳಂತೆ, ಕಿಟಕಿಯ ಸರಳಿಗೆ ಬಾಚಣಿಗೆಯಿಂದ ಬಡಿದಳಂತೆ. ನನಗೆ ಒಂದೂ ಕೇಳಿಸಲಿಲ್ಲ. ಕತ್ತರಿಯ ಎರಡು ಅಲಗುಗಳೂ ಕಡ್ಡಿಗೆ ತಗುಲಿದ್ದವು. ಆಗ ಬೆನ್ನ ಹಿಂದಿನಿಂದ ಒಂದು ದನಿ ಬಂತು. ದಪ್ಪನೆಯ, ಏರಿಳಿತವಿಲ್ಲದ, ಲೋಹದ ದನಿ.

'ರೀ. ಕತ್ತರಿ ಕೆಳಗಿಡಿ.'

ಚುಕ್ಕಿ, ಹದಿಮೂರು ತಿಂಗಳಿಂದ ನನ್ನನ್ನು ಯಾರೂ 'ರೀ' ಅಂದಿರಲಿಲ್ಲ. ಹಲಗೆಯ ಮೇಲೆ ಯಾರು ತಾನೇ 'ರೀ' ಎಂದು ಬರೆಯುತ್ತಾರೆ, ನೇರವಾಗಿ ವಿಷಯ ಬರೆಯುತ್ತಾರೆ. ಮೂವತ್ತೆರಡು ವರ್ಷ ದಿನಕ್ಕೆ ನೂರು ಸಲ ಕೇಳಿ, ಬೇಸರಪಟ್ಟುಕೊಂಡು, ಏನೇ ನಿನ್ನ ಗೋಳು ಎಂದು ಸಿಡುಕಿದ ಮಾತು ಅದು. ಕತ್ತರಿ ಕೈಜಾರಿ ನನ್ನ ಚಪ್ಪಲಿಯ ಪಕ್ಕದಲ್ಲೇ ಬಿತ್ತು. ತಿರುಗಿ ನೋಡಿದರೆ ಕಿಟಕಿಯ ಸರಳಿನ ಹಿಂದೆ ನಿನ್ನ ಅಮ್ಮ, ನೀನು ತಂದ ಯಂತ್ರವನ್ನು ದವಡೆಯ ಕೆಳಗೆ ಒತ್ತಿ ಹಿಡಿದು, ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದಾಳೆ. 'ಕೆಳಗಿನ ಗಂಟು ನೋಡಿ' ಅಂದಳು. ಕನ್ನಡಕವಿಲ್ಲದೆ ಕಾಣಲಿಲ್ಲ, ಬೆರಳಿನಿಂದ ಮುಟ್ಟಿ ನೋಡಿದೆ. ಹಸಿರು ಭಾಗದ ಗಂಟಿನಲ್ಲಿ ಅಕ್ಕಿಕಾಳಿನಷ್ಟು ಏನೋ ಉಬ್ಬಿತ್ತು. ಅವಳು ಹತ್ತು ದಿನದಿಂದ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳಂತೆ. ನಾನು ಕತ್ತರಿಯನ್ನು ಕಾಲಿನಿಂದ ಮೂಲೆಗೆ ತಳ್ಳಿದೆ. ಅವಳು ಸುತ್ತಿ ಬಂದು, ಮೊದಲು ಗಿಡವನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು.

ಯಂತ್ರ ಹನ್ನೊಂದು ತಿಂಗಳು ಡಬ್ಬಿಯಲ್ಲಿದ್ದರೆ ಚಾರ್ಜ್ ಹೇಗೆ ಉಳಿಯಿತು ಎಂದು ನನಗೆ ಹೊಳೆದದ್ದು ಊಟದ ಹೊತ್ತಿಗೆ. ಕೇಳಿದೆ. ಆಗಸ್ಟಿನಿಂದ ದಿನಾ ಬೆಳಿಗ್ಗೆ, ಹಬೆಗೆ ಕೂತಾಗ, ನಲ್ಲಿ ಬಿಟ್ಟುಕೊಂಡು ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಳಂತೆ. ಕುತ್ತಿಗೆಯಲ್ಲಿ ಯಂತ್ರ ಇಡುವ ಸರಿಯಾದ ಜಾಗ ಹುಡುಕಲಿಕ್ಕೇ ಮೂರು ವಾರ ಹಿಡಿಯಿತಂತೆ. ಮೊದಲು ಗಾಡಿಗಳ ಹೆಸರು, ಆಮೇಲೆ ಒಂದೊಂದು ಗಿಡಕ್ಕೆ ಅದರದೇ ಸಮಾಚಾರ. ಮೇಲಿನ ಮನೆಯಾಕೆಗೆ ಕೇಳಿಸಿದ್ದು ನಿನ್ನ ಅಮ್ಮನ ಮಾತು, ಕೇಳಿಸದೇ ಹೋದದ್ದು ನನಗೊಬ್ಬನಿಗೆ. ನನ್ನ ಹತ್ತಿರ ಯಾಕೆ ಮಾತಾಡಲಿಲ್ಲ ಎಂದು ಕೇಳುವ ಅಗತ್ಯವಿರಲಿಲ್ಲ, ಉತ್ತರ ನನಗೆ ಗೊತ್ತಿತ್ತು. ಅವಳೇ ಹೇಳಿದಳು. 'ಗಿಡಗಳು “ಏನು? ಏನಂದೆ?” ಅಂತ ಕೇಳಲ್ಲ.'

ಈಗ ನಿನಗೆ ಹೇಳಬೇಕಾದದ್ದು. ಆ ಜನವರಿಯಲ್ಲಿ ಅವಳು ಮೊದಲ ಸಲ ಯಂತ್ರ ಹಿಡಿದಾಗ ನೀನು ಅಡುಗೆಮನೆಗೆ ನೀರು ತರಲು ಹೋಗಿದ್ದೆ. ಅವಳು ನನ್ನ ಕಡೆ ತಿರುಗಿ ಒಂದು ಮಾತಾಡಿದಳು. ನನಗೆ ಬರೀ ಗುಂಯ್ ಎಂದು ಕೇಳಿಸಿತು. 'ಏನು?' ಅಂದೆ. ಮತ್ತೆ ಹೇಳಿದಳು. ಮತ್ತೆ 'ಏನು?' ಅಂದೆ. ಮೂರನೇ ಸಲಕ್ಕೆ, ವಾತಾವರಣ ಹಗುರಾಗಲಿ ಎಂದು, 'ಒಳ್ಳೆ ರೇಡಿಯೋ ಕೆಟ್ಟ ಹಾಗಿದೆ ಕಣೆ' ಎಂದು ನಕ್ಕೆ. ಕಿವಿಯ ಮಶೀನು ಹಾಕಿಕೊಂಡಿದ್ದರೆ ಒಂದಕ್ಷರವಾದರೂ ಹಿಡಿಯುತ್ತಿದ್ದೆನೇನೋ, ಮುದುಕನ ಹಾಗೆ ಕಾಣುತ್ತೇನೆಂದು ಅದನ್ನು ಹಾಕುತ್ತಿರಲಿಲ್ಲ. ನೀನು ನೀರು ಹಿಡಿದು ಬರುವಷ್ಟರಲ್ಲಿ ಅವಳು 'ಬೇಡ' ಎಂದು ಬರೆದಾಗಿತ್ತು. ಅವಳ ಬಾಯಿ ಮುಚ್ಚಿಸಿದ್ದು ನಿನ್ನ ಒತ್ತಾಯವಲ್ಲ ಮಗಳೇ, ನನ್ನ ತಮಾಷೆ. ಬಾಗಿಲಲ್ಲಿ ನೀನು ತಪ್ಪನ್ನು ತಲೆಗೆ ಕಟ್ಟಿಕೊಂಡು ಕಣ್ಣೊರೆಸಿಕೊಂಡಾಗ ನಾನು ಬಾಯಿ ಬಿಡಲಿಲ್ಲ. ವರ್ಷಕ್ಕೂ ಮೇಲಾಯಿತು, ನೀನು ಬರೆದ ಪ್ರತಿ ಪತ್ರದಲ್ಲೂ 'ಅಮ್ಮನಿಗೆ ಕೋಪ ಇನ್ನೂ ಇದೆಯಾ' ಎಂದು ಕೇಳಿದೆ, ಪ್ರತಿ ಪತ್ರಕ್ಕೂ ನಾನು ಹವಾಮಾನ ಬರೆದೆ. ಇದಕ್ಕೆ ಕ್ಷಮೆ ಕೇಳುವುದು ಹೇಗೆ ಎಂದು ನನಗೆ ಗೊತ್ತಿಲ್ಲ, ಬರೆದಿದ್ದೇನೆ, ಓದಿಕೊಂಡು ನಿನಗೆ ತೋಚಿದಷ್ಟು ಬೈದು ಬರಿ.

ಅವಳ ಹತ್ತಿರ ಕತ್ತರಿಯ ದಿನವೇ ಕ್ಷಮೆ ಕೇಳಿದೆ. 'ಆವತ್ತು ನಾನು ಹಾಗೆ ನಗಬಾರದಿತ್ತು' ಅಂದೆ. ಅವಳು ತಟ್ಟೆ ತೆಗೆಯುತ್ತ ಯಂತ್ರ ಹಿಡಿದು, 'ಮೊದಲು ಕಿವಿಗೆ ಹಾಕ್ಕೊಳ್ಳಿ, ಆಮೇಲೆ ಮಾತು' ಅಂದಳು. ಹಾಕಿಕೊಂಡೆ. ಅಂದಿನಿಂದ ಸ್ನಾನಕ್ಕೆ ಮಾತ್ರ ತೆಗೆಯುತ್ತೇನೆ. ಒಂದು ವಿಚಿತ್ರ ಹೇಳಲೇ? ಅವಳ ಹಳೆಯ ದನಿ ತೆಳುವಾದದ್ದು, ನನ್ನ ಕಿವಿಗೆ ಅದು ಎಷ್ಟೋ ವರ್ಷದಿಂದ ಅರೆಬರೆಯಾಗಿಯೇ ಬೀಳುತ್ತಿತ್ತು. ಈ ದಪ್ಪ ದನಿ ಗೋಡೆಯಾಚೆಯಿಂದಲೂ ಸ್ಪಷ್ಟವಾಗಿ ಕೇಳಿಸುತ್ತದೆ. ಇದನ್ನು ಅವಳಿಗೆ ಹೇಳಿದಾಗ ಮೇಜು ಹಿಡಿದುಕೊಂಡು ಸದ್ದಿಲ್ಲದೆ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ಹಾಗಾದರೆ ಇನ್ನು ಮೇಲೆ ಕೇಳಿಸಲಿಲ್ಲ ಅನ್ನುವ ಹಾಗಿಲ್ಲ ಅಂದಳು.

ಭಾನುವಾರ ನಿಲ್ದಾಣದವರು ಬಂದರು, ಐದು ಜನ. ಅವಳು ಒಳಕೋಣೆಗೆ ಹೋಗಲಿಲ್ಲ. ಬಾಲ್ಕನಿಯಲ್ಲಿ ನಿಂತು, ಯಂತ್ರ ಹಿಡಿದು, ಒಂದೊಂದು ಗಿಡವನ್ನೂ ಎಲ್ಲಿ ಸಿಕ್ಕಿತು, ಹೇಗೆ ಬದುಕಿತು ಎಂದು ಹೇಳಿದಳು. ಕೆಲವು ಅಕ್ಷರ ಇನ್ನೂ ಅವಳಿಗೆ ಸರಿಯಾಗಿ ಬರುವುದಿಲ್ಲ, ಅಂಥ ಕಡೆ ನಿಲ್ಲಿಸಿ ಇನ್ನೊಮ್ಮೆ ಹೇಳುತ್ತಿದ್ದಳು, ಗಾಡಿ ಬದಲಾದಾಗ ಎರಡು ಸಲ ಹೇಳುತ್ತಿದ್ದ ಹಾಗೆಯೇ. ಟಿಕೆಟ್ ಕೌಂಟರಿನ ಗೆಳತಿ ಮುಖ ಮುಚ್ಚಿಕೊಂಡು ಅಳಲು ಶುರುಮಾಡಿದಳು. ನಿನ್ನ ಅಮ್ಮ ಅವಳ ಬೆನ್ನು ಸವರಿ, 'ಅಳು ಮುಗಿದ ಮೇಲೆ ಹೇಳು, ಮುಂದಿನ ಗಿಡಕ್ಕೆ ಹೋಗೋಣ' ಅಂದಳು. ಆ ಹೊತ್ತಿಗೆ ಅವಳನ್ನು ನೋಡುತ್ತ ನಿಂತ ನನಗೆ, ಈ ಹೆಂಗಸಿನ ಜೊತೆ ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳು ಎಂಥವಳು ಎಂದು ನನಗೆ ತಿಳಿದೇ ಇರಲಿಲ್ಲವಲ್ಲ ಅನಿಸಿತು.

ಆ ಅಕ್ಕಿಕಾಳು ಎರಡು ವಾರದಲ್ಲಿ ಕೊಂಬೆಯಾಯಿತು, ಆಮೇಲೆ ಏಳು ಮೊಗ್ಗು ಹಿಡಿಯಿತು. ಅರಳುವ ತನಕ ನಿನಗೆ ಒಂದು ಮಾತೂ ಬರೆಯಕೂಡದು ಎಂದು ನನಗೆ ಅಪ್ಪಣೆಯಾಗಿತ್ತು. ಇವತ್ತು ಒಂದು ಅರಳಿದೆ, ಇನ್ನೂ ಆರು ಇವೆ, ಎರಡು ಮೂರು ತಿಂಗಳು ನಿಲ್ಲುತ್ತವಂತೆ. ನೀನು ಜೂನಿನಲ್ಲಿ ಬರುವಾಗ ಕೊನೆಯವಾದರೂ ಸಿಗುತ್ತವೆ. ಕಡಲ ತಳ ಅಳೆಯುವ ನಿಮ್ಮ ಹಡಗಿನಲ್ಲಿ ಹಸಿರೇ ಕಾಣುವುದಿಲ್ಲ ಎಂದು ನೀನು ಬರೆದಿದ್ದೆ. ಒಂದು ಚಿತ್ರ ಇದರೊಳಗಿಟ್ಟಿದ್ದೇನೆ, ಮೇಲಿನ ಮನೆಯಾಕೆ ತೆಗೆದು ಅಚ್ಚು ಹಾಕಿಸಿಕೊಟ್ಟದ್ದು. ಹಿಂದೆ ಅರ್ಧ ಕಾಣುವ ಬೋಳುತಲೆ ನನ್ನದು, ಅದನ್ನು ಮಡಿಚಿಟ್ಟುಕೊಂಡರೂ ಪರವಾಗಿಲ್ಲ.

ನಿನ್ನ ಜೊತೆಯವರಿಗೆಲ್ಲ ನಮ್ಮಿಬ್ಬರ ವಿಶ್ವಾಸ ತಿಳಿಸು. ಕಡಲು ತಣ್ಣಗಿರಲಿ, ಕೈ ಬೇಗ ವಾಸಿಯಾಗಲಿ, ನಿನ್ನ ನಿದ್ದೆ ನಿನಗೆ ಪೂರ್ತಿ ಸಿಗಲಿ. ಹದಿನೈದಕ್ಕೆ ನಿಮ್ಮ ಹಡಗಿಗೆ ಸಾಮಾನು ತರುವ ದೋಣಿಯಲ್ಲಿ ಈ ಪತ್ರ ನಿನಗೆ ತಲುಪಲಿ ಎಂದು ನಾಳೆ ಬೆಳಿಗ್ಗೆಯೇ ನಿಮ್ಮ ಕಚೇರಿಗೆ ಕೊಟ್ಟು ಬರುತ್ತೇನೆ.

ಎಂದೂ ನಿನ್ನ ಒಳಿತನ್ನೇ ಬಯಸುವ,
ನಿನ್ನ ಅಪ್ಪ

ತಾ.ಕ.: ಅಮ್ಮ ಗಿಡಗಳಿಗೆ ನೀರು ಹಾಕಲು ಎದ್ದಳು, ಬೇಗ ಬೇಗ ಬರೆಯುತ್ತಿದ್ದೇನೆ. ಇದನ್ನು ಹೇಳಕೂಡದು ಎಂದಿದ್ದಾಳೆ. ಇಪ್ಪತ್ತಮೂರಕ್ಕೆ ನಿನ್ನ ಹಡಗು ಬಂದರು ಸೇರಿದ ಮೇಲೆ ಬೆಳಿಗ್ಗೆ ಹತ್ತಕ್ಕೆ ಅವಳೇ ನಿನಗೆ ಫೋನ್ ಮಾಡುತ್ತಾಳೆ. ನಾನು ಮನೆಯಲ್ಲಿರಬಾರದಂತೆ, ಅಂಗಡಿಗೆ ಹೋಗಬೇಕಂತೆ. ಆ ದಿನ ಭಾನುವಾರ, ಅಂಗಡಿಗೆ ಬೀಗ ಎಂದರೂ ಕೇಳುತ್ತಿಲ್ಲ. ನೀನು ಫೋನ್ ಎತ್ತಿದ ಕೂಡಲೇ ಮಾತು ಬರುವುದಿಲ್ಲ, ಗಾಬರಿಯಲ್ಲಿ ಯಂತ್ರ ಇಡುವ ಜಾಗ ಸಿಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಗಬಹುದು. ಮೊದಲು ಒಂದು ಗುಂಯ್ ಎನ್ನುವ ಸದ್ದು ಬರುತ್ತದೆ. ಲೈನು ಕೆಟ್ಟಿದೆ ಎಂದು ಇಟ್ಟುಬಿಡಬೇಡ. ಅದು ನಿನ್ನ ಅಮ್ಮ.